ಹದಿಮೂರಡಿ ಮನೆಯ ಅಮರ ಪ್ರೇಮ

ನಾಯಕ ನಾಯಕಿಯ ಕೆನ್ನೆಗೆ ಛಟೀರೆಂದು ಬಾರಿಸುತ್ತಾನೆ. ಅದೂ ಇನ್ನೊಬ್ಬ ಗಂಡಸಿನ ಎದುರಿಗೆ. ಆ ಮನೆಯಲ್ಲಿ ಯಾರಿಗೆ ಯಾವ ಸ್ಥಾನ ಎಂಬ ಪಟ್ಟಿಯನ್ನೂ ಅವಳಿಗೆ ಒಪ್ಪಿಸುತ್ತಾನೆ: ಮೊದಲು ತಾನು, ಆಮೇಲೆ ನಾಯಿಗಳು, ಆಮೇಲೆ ಕೋಳಿಗಳು, ಕೊನೆಗೆ ಅವಳು. ಇಷ್ಟಾದ ಮೇಲೆ ಮುಂದೇನು ಎಂಬುದು ಕನ್ನಡ ಸಿನಿಮಾ ನೋಡಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರೇಮ!

ಐರ್ಲೆಂಡಿನ ನಿರ್ದೇಶಕಿ ಆಷ್ಲಿಂಗ್ ವಾಲ್ಷ್ ಅವರ ಈ 2016ರ ಚಿತ್ರದ ಹೆಸರು ‘ಮಾಡಿ’. ಕನ್ನಡದಲ್ಲಿ ಓದಿದರೆ ಯಾರೋ ಯಾರಿಗೋ ಕೆಲಸ ಹೇಳುತ್ತಿರುವಂತಿದೆ. ಅಸಲಿಗೆ ಅದು ಕೆನಡಾದ ಜನಪದ ಚಿತ್ರಕಲಾವಿದೆ ಮಾಡ್ ಲೂಯಿಸ್ ಅವರ ಮುದ್ದಿನ ಹೆಸರು. ನೋವಾ ಸ್ಕೋಷಿಯಾದ ಹೆಣ್ಣುಮಗಳು. ಚಿಕ್ಕಂದಿನಲ್ಲೇ ಅಂಟಿಕೊಂಡ ಸಂಧಿವಾತ ಬೆರಳುಗಳನ್ನು ಮುರುಟಿಸಿತ್ತು, ಗದ್ದವನ್ನು ಎದೆಗೆ ಒತ್ತಿತ್ತು. 1938ರಲ್ಲಿ ಮೀನು ಮಾರುವ ಎವರೆಟ್ ಲೂಯಿಸನನ್ನು ಕಟ್ಟಿಕೊಂಡು ಮಾರ್ಷಲ್‌ಟೌನಿನ ಅವನ ಮನೆ ಸೇರಿದರು. 13 ಅಡಿ ಚಿಲ್ಲರೆ ಉದ್ದ, 12 ಅಡಿ ಚಿಲ್ಲರೆ ಅಗಲ. ನಮ್ಮಲ್ಲಿ ಕಾರು ನಿಲ್ಲಿಸಲು ಇದಕ್ಕಿಂತ ಧಾರಾಳವಾಗಿ ಜಾಗ ಬಿಡುತ್ತಾರೆ. ಕರೆಂಟಿಲ್ಲ, ನಲ್ಲಿಯಿಲ್ಲ.

ಆ ಗೂಡಿನಲ್ಲಿ ಕಿಟಕಿಯ ಪಕ್ಕ ಕೂತು, ಸಾರ್ಡೀನ್ ಮೀನಿನ ಖಾಲಿ ಡಬ್ಬಿಯಲ್ಲಿ ಬಣ್ಣ ಅದ್ದಿ ಆಕೆ ಬರೆದರು. ದೋಣಿಗೆ ಬಳಿದು ಉಳಿದ ಬಣ್ಣವೂ ನಡೆಯಿತು. ಹಲಗೆ ಮುಗಿದರೆ ಗೋಡೆ, ಬಾಗಿಲು, ಮೆಟ್ಟಿಲು, ಕಿಟಕಿಯ ಗಾಜು. ಒಲೆಯನ್ನೂ ಬಿಡಲಿಲ್ಲ, ಬ್ರೆಡ್ ಡಬ್ಬಿಯನ್ನೂ ಬಿಡಲಿಲ್ಲ. ಜೋಡೆತ್ತು, ಕಪ್ಪು ಬೆಕ್ಕು, ಟ್ಯೂಲಿಪ್ ಹೂವು. ಹಿಮ ಬಿದ್ದ ಮೇಲೂ ಮರದ ತುಂಬ ಕೆಂಪೆಲೆ. ನೆರಳು ಮಾತ್ರ ಹುಡುಕಿದರೂ ಸಿಗುವುದು ಅಪರೂಪ.

ನೆರಳಿದ್ದದ್ದು ಮನೆಯೊಳಗೆ, ಯಜಮಾನನ ರೂಪದಲ್ಲಿ. ಮನೆಗೆಲಸಕ್ಕೆ ಹೆಣ್ಣು ಬೇಕೆಂದವನು ಕೊನೆಗೆ ಒಲೆ ಮುಂದೆ ತಾನೇ ನಿಂತ, ನಿಜ. ದುಡ್ಡಿನ ಮೇಲಿನ ಹಿಡಿತ ಮಾತ್ರ ಬಿಡಲಿಲ್ಲ. ಅದನ್ನು ಬಾಟಲಿಗಳಲ್ಲಿ ತುಂಬಿ ಹೂತಿಡುತ್ತಿದ್ದನೆಂದು ಊರ ಮಾತು. ಹೀಗಿರುವಾಗ ಆ ಪಾತ್ರಕ್ಕೆ ಈಥನ್ ಹಾಕ್‌ನಂಥ ಚೆಲುವನನ್ನು ತಂದು ನಿಲ್ಲಿಸಿದರೆ ಅರ್ಧ ಪಾಪ ಅಲ್ಲೇ ತೊಳೆದುಹೋಗುತ್ತದೆ. ಉಳಿದರ್ಧಕ್ಕೆ ಹಿನ್ನೆಲೆ ಸಂಗೀತವಿದೆ. ‘ಏನೇ ಆಗಲಿ, ಕಟ್ಟಿಕೊಂಡವನಲ್ಲವೇ’ ಎಂದು ನಮ್ಮ ದೊಡ್ಡಮ್ಮಂದಿರು ಹೇಳುವ ಮಾತನ್ನೇ ಇಂಗ್ಲಿಷಿನಲ್ಲಿ, ಕಡಲ ತಡಿಯ ಸೂರ್ಯಾಸ್ತದಲ್ಲಿ ಹೇಳಿದರೆ ಕಲಾತ್ಮಕ ಚಿತ್ರ.

ಮಾಡ್ ಪಾತ್ರದಲ್ಲಿ ಸ್ಯಾಲಿ ಹಾಕಿನ್ಸ್ ನಟನೆಗೆ ಹೆಸರಿಡುವ ಹಾಗಿಲ್ಲ. ನಡಿಗೆ, ಬೆರಳು, ತುಂಟ ನಗೆ, ಎಲ್ಲ ಸರಿ. ನನ್ನ ತಕರಾರು ಸಂಧಿವಾತಕ್ಕೆ ಕೊಟ್ಟ ಪಾತ್ರದ ಬಗ್ಗೆ. ಒಂದು ಜೀವ ಹಗಲೂ ರಾತ್ರಿ ನೋವು ತಿಂದರೆ ಪ್ರೇಕ್ಷಕ ಆಕಳಿಸುತ್ತಾನೆ. ಅದೇ ನೋವು ಒರಟು ಗಂಡಸಿನ ಮನಸ್ಸನ್ನು ಕರಗಿಸಿದರೆ ಕರವಸ್ತ್ರ ತೆಗೆಯುತ್ತಾನೆ. ಎಂದಮೇಲೆ ಆಕೆಯ ಕೈ ಸೊಟ್ಟಗಾದದ್ದೇ ಅವನ ಸ್ವಭಾವ ನೆಟ್ಟಗಾಗಲಿ ಅಂತ. ಔಷಧಿ, ಬೆಚ್ಚನೆ ಕೋಣೆ, ಬಾಗಿಲವರೆಗೆ ನೀರು, ಇವನ್ನೆಲ್ಲ ಕೇಳಿದರೆ ಅದು ಸಿನಿಮಾ ಅಲ್ಲ, ಅರ್ಜಿ.

ಮಗಳ ಕಥೆಯೂ ಇದೆ. ಮದುವೆಗೆ ಮೊದಲು, 1928ರಲ್ಲಿ ಹುಟ್ಟಿದವಳು. ಸಿನಿಮಾದ ತಾಯಿ ಬೆಳೆದ ಮಗಳನ್ನು ದೂರದಿಂದ ಕಂಡು ಕಣ್ಣೀರಿಡುತ್ತಾಳೆ. ಜೀವನಚರಿತ್ರೆ ಬರೆದ ಲ್ಯಾನ್ಸ್ ವೂಲವರ್ ಹೇಳುವ ಕಥೆ ಬೇರೆ: ಮಗಳೇ ಹುಡುಕಿಕೊಂಡು ಬಂದರೂ ತಾಯಿ ಒಪ್ಪಿಕೊಳ್ಳಲಿಲ್ಲ. ಅಂಗವಿಕಲೆ, ಬಡವಿ, ಕಲಾವಿದೆ, ಇಷ್ಟೆಲ್ಲ ಆದಮೇಲೆ ಕಲ್ಲುಮನಸ್ಸೂ ಇತ್ತೆಂದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ನಮ್ಮ ಕರುಣೆಗೆ ಪಾತ್ರರಾಗಬೇಕಾದವರು ಮೊದಲು ಒಳ್ಳೆಯವರಾಗಿರಬೇಕು. ಕರುಣೆಯ ಕಚೇರಿಯಲ್ಲೂ ನಡತೆ ಪ್ರಮಾಣಪತ್ರ ಕೇಳುತ್ತಾರೆ.

ಮಾಡ್ 1970ರಲ್ಲಿ ತೀರಿಕೊಂಡರು, ಚಿತ್ರವೂ ಅಲ್ಲಿಗೆ ಮುಗಿಯುತ್ತದೆ. ಒಳ್ಳೆಯದೇ ಆಯಿತು. ಇನ್ನೊಂಬತ್ತು ವರ್ಷ ಎಳೆದಿದ್ದರೆ, ಬಚ್ಚಿಟ್ಟ ದುಡ್ಡಿಗಾಗಿ ನುಗ್ಗಿದ ಕಳ್ಳನ ಕೈಯಲ್ಲಿ ಎವರೆಟ್ ಅದೇ ಮನೆಯಲ್ಲಿ ಸಾಯುವುದನ್ನೂ ತೋರಿಸಬೇಕಿತ್ತು.

ಚಿತ್ರೀಕರಣ ನಡೆದದ್ದು ನ್ಯೂಫೌಂಡ್‌ಲ್ಯಾಂಡಿನಲ್ಲಿ. ಆಕೆಯ ತವರು ನೋವಾ ಸ್ಕೋಷಿಯಾದ ಸರ್ಕಾರ ಸಿನಿಮಾದವರ ತೆರಿಗೆ ರಿಯಾಯಿತಿಗೆ 2015ರಲ್ಲಿ ಕತ್ತರಿ ಹಾಕಿತ್ತು. ನೆಲದ ಮಗಳ ಕಥೆಗೆ ಆ ನೆಲವೇ ದುಬಾರಿ.

ಸತ್ತ ಎಮ್ಮೆಗೆ ಸೇರು ಹಾಲು ಅನ್ನುತ್ತಾರಲ್ಲ, ಇಲ್ಲಿ ಸೇರು ಸಾಲದು, ಟ್ಯಾಂಕರ್ ಬೇಕು. ಬದುಕಿದ್ದಾಗ ಐದು ಡಾಲರಿಗೆ ಕೊಟ್ಟ ಚಿತ್ರಗಳು ಅವು. 2017ರಲ್ಲಿ, ಸಿನಿಮಾ ಓಡುತ್ತಿದ್ದ ಹೊತ್ತಿನಲ್ಲೇ, ಒಂಟಾರಿಯೋದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಒಂದು ಚಿತ್ರ 45,000 ಡಾಲರಿಗೆ ಹೋಯಿತು. ಹೋಟೆಲಿನವರೊಬ್ಬರಿಗೆ ಗಿರಾಕಿಯೊಬ್ಬ ಚೀಸ್ ಸ್ಯಾಂಡ್‌ವಿಚ್ಚಿನ ಬಾಬ್ತು ಕೊಟ್ಟಿದ್ದ ಕಪ್ಪು ಟ್ರಕ್ಕಿನ ಚಿತ್ರ 2022ರ ಹರಾಜಿನಲ್ಲಿ 3,50,000 ಕೆನಡಾ ಡಾಲರ್ ತಂದಿತು.

ಮನೆಯನ್ನೂ ಬಿಟ್ಟಿಲ್ಲ. 1984ರಲ್ಲಿ ಸರ್ಕಾರ ಕೊಂಡಿತು. ಈಗ ಅದು ಇಡಿಯಾಗಿ ಹ್ಯಾಲಿಫ್ಯಾಕ್ಸಿನ ಕಲಾ ಗ್ಯಾಲರಿಯೊಳಗಿದೆ, ವಿದ್ಯುದ್ದೀಪದ ಬೆಳಕಿನಲ್ಲಿ. ಮಾರ್ಷಲ್‌ಟೌನಿನಲ್ಲಿ ಅದು ನಿಂತಿದ್ದ ಜಾಗದಲ್ಲಿ ನೆನಪಿಗೆ ಅದೇ ಆಕಾರದ ಉಕ್ಕಿನ ಅಸ್ಥಿಪಂಜರವೊಂದನ್ನು ನಿಲ್ಲಿಸಿದ್ದಾರೆ. ಒಳಗೆ ಕರೆಂಟೂ ಇಲ್ಲ, ನಲ್ಲಿಯೂ ಇಲ್ಲ.