ಬಿದ್ದವರದೇ ಒಳ್ಳೆ ಕಾಲ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಹೆಸರಿಟ್ಟು ಹಂಚಿಕೊಟ್ಟ ರಂ. ಶ್ರೀ. ಮುಗಳಿಯವರು ಪರೀಕ್ಷೆ ಬರೆಯುವವರಿಗೆ ದೊಡ್ಡ ಉಪಕಾರ ಮಾಡಿದರು. ಜಪಾನಿನ ಮಂದಿ ಓಡಿ, ಜಿಗಿದು, ಜೋತುಬಿದ್ದು, ಕಡೆಗೆ ದಬಕ್ಕನೆ ನೀರಿಗೆ ಬೀಳುವ ಟೀವಿ ಆಟಗಳಿಗೂ ಇಂಥದೊಂದು ಯುಗವಿಭಾಗ ಬೇಕಾಗಿತ್ತು. ಆ ಕೆಲಸ ನವಲಗುಂದ ತಾಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದಿದೆ. ಒಮ್ಮತ ಮಾತ್ರ ಆಗಿಲ್ಲ. ದೊಡ್ಡಪ್ಪನಿಗೆ ತಕೇಶಿಯುಗವೇ ಸುವರ್ಣಯುಗ. ನಾನು ಯಮಾಡಾಯುಗದ ಪಕ್ಷ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ ಮೊರಿಮೊಟೊಯುಗ ಬಿಟ್ಟು ಉಳಿದದ್ದೆಲ್ಲ ಪೀಠಿಕೆ ಅನ್ನುತ್ತಾನೆ. ಮೂವರ ದನಿಯೂ ಏರಿದಾಗ ಅವ್ವ ಬಂದು ಟೀವಿ ಆರಿಸುತ್ತಾಳೆ. ಅದನ್ನು ನಾವು ಕತ್ತಲಯುಗ ಎಂದು ಸೇರಿಸಿಕೊಂಡಿದ್ದೇವೆ.

ತಕೇಶಿಯ ಕೋಟೆ ಜಪಾನಿನಲ್ಲಿ ಶುರುವಾದದ್ದು 1986ರಲ್ಲಿ, ಟಿಬಿಎಸ್ ವಾಹಿನಿಯಲ್ಲಿ. ನಮ್ಮ ಮನೆಗೆ ಅದು ಮುಟ್ಟುವುದಕ್ಕೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. ಪೋಗೋ ಚಾನೆಲ್ಲಿನಲ್ಲಿ ಜಾವೇದ್ ಜಾಫ್ರಿ ಹಿಂದಿಯಲ್ಲಿ ಕಾಮೆಂಟರಿ ಹೇಳುತ್ತಿದ್ದ ಕಾಲ ಅದು. ನೂರಕ್ಕೂ ಹೆಚ್ಚು ಜನ ಒಮ್ಮೆಲೇ 'ಹೋ' ಎಂದು ಕೋಟೆಯ ಮೇಲೆ ಏರಿ ಹೋಗುವರು. ಕೆರೆಯೊಳಗಿನ ಕಲ್ಲುಗಳ ಮೇಲೆ ಜಿಗಿಯುತ್ತ ದಾಟಬೇಕು. ಕೆಲವು ಕಲ್ಲು ಗಟ್ಟಿ, ಕೆಲವು ತೇಲುವಂಥವು, ಯಾವುದು ಯಾವುದೆಂದು ಕಾಲಿಟ್ಟವನಿಗೇ ಗೊತ್ತು. ಸಾಲು ಬಾಗಿಲುಗಳಲ್ಲಿ ಕೆಲವಕ್ಕೆ ಕಾಗದ, ಕೆಲವಕ್ಕೆ ಗಟ್ಟಿ ಹಲಗೆ. ಓಡಿ ಬಂದು ಮೈ ಒಡ್ಡಿ ಹಾಯಬೇಕು. ತೂಗುಸೇತುವೆಯ ಮೇಲೆ ನಿಂತವನಿಗೆ ಆ ಕಡೆಯಿಂದ ತೋಪಿನಲ್ಲಿ ಚೆಂಡು ಹೊಡೆಯುತ್ತಿದ್ದರು. ಈ ಎಲ್ಲ ಅನಾಹುತದ ಯಜಮಾನ ತಕೇಶಿ ಕಿತಾನೊ. ಈತನೇ ಮುಂದೆ ಸಿನಿಮಾ ನಿರ್ದೇಶಕನಾಗಿ 1997ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಗೆದ್ದ. ಈ ಸಂಗತಿಯನ್ನು ದೊಡ್ಡಪ್ಪನಿಗೆ ಹೇಳಿದಾಗ, "ಮಂದೀನ ನೀರಾಗ ಕೆಡವಿದಾಂವಗ ಎಲ್ಲಾ ದೇಶದಾಗೂ ಮಾನಾ ಐತಿ ಬಿಡು" ಅಂದ. ಆ ಸಲದ ಗ್ರಾಮ ಪಂಚಾಯತಿ ಚುನಾವಣೆಯ ಬೇಗೆ ಅವನಿಗಿನ್ನೂ ಆರಿರಲಿಲ್ಲ.

ದೊಡ್ಡಪ್ಪನಿಗೆ ಜಪಾನಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಜಾಫ್ರಿ ಸ್ಪರ್ಧಿಗಳಿಗೆ ತನಗೆ ತೋಚಿದ ಹೆಸರು, ಕಸುಬು ಕಟ್ಟಿ ಹಾಸ್ಯ ಮಾಡುತ್ತಿದ್ದ. ದೊಡ್ಡಪ್ಪ ಅದನ್ನು ಸಂಪೂರ್ಣ ಮುಚ್ಚಿಹಾಕುವಷ್ಟು ದೊಡ್ಡ ದನಿಯಲ್ಲಿ ತನ್ನ ಕಾಮೆಂಟರಿ ನಡೆಸುವನು. ಅವನ ಆಟದಲ್ಲಿ ಓಡುವವರೆಲ್ಲ ನಮ್ಮೂರವರೇ. "ಬಂದಾ ನೋಡ ಸೊಸೈಟಿ ಸೆಕ್ರೆಟರಿ. ಎಷ್ಟ ಹುಷಾರ್ ಕಾಲ ಇಡಾಕತ್ತಾನ! ನಿಂದ್ರ ಮಗನ, ಆ ಕಲ್ಲ ತೇಲತೈತಿ... ಹೋದಾ! ನಾ ಹೇಳಿದ್ನಿಲ್ಲ?" ಗುಲಾಬಿ ಹೆಲ್ಮೆಟ್ಟಿನವ ಲೈನ್‌ಮನ್. ಹಳದಿ ಅಂಗಿಯ ದಪ್ಪನೆಯವಳು ದೊಡ್ಡಪ್ಪನ ಬೀಗತಿ. ಬೀಗತಿ ಬಿದ್ದ ದಿನ ದೊಡ್ಡವ್ವ ಎದ್ದು ಒಳಗೆ ಹೋಗುತ್ತಿದ್ದಳು, ದೊಡ್ಡಪ್ಪ ಎರಡನೇ ಸಲ ಚಹಾ ಕೇಳುತ್ತಿದ್ದ. ಓಣಿಯ ಹುಡುಗರಿಗೆಲ್ಲ ನಮ್ಮ ಮನೆಯ ತೊಲೆಬಾಗಿಲೇ ಗ್ಯಾಲರಿ. ಕಡೆಯ ಕಾಳಗ, ಅಂದರೆ ಉಳಿದ ನಾಲ್ಕಾರು ಜನ ಗಾಡಿಗಳಲ್ಲಿ ಕೂತು ತಕೇಶಿಯ ಮೇಲೆ ನೀರು ಹೊಡೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಹೀಗಾಗಿ ಆ ಕೋಟೆ ಬಿತ್ತೋ ಉಳಿಯಿತೋ ಎಂಬುದು ನಮ್ಮ ಓಣಿಯಲ್ಲಿ ಬಹುಕಾಲ ನಂಬಿಕೆಗೆ ಬಿಟ್ಟ ವಿಷಯವಾಗಿತ್ತು.

ಆದರೆ ದೊಡ್ಡಪ್ಪನ ಕಣ್ಣು ಒಂದು ಕಡೆ ಮಾತ್ರ ನಗುತ್ತಿರಲಿಲ್ಲ. ಅದು ನೀರಿನ ಮೇಲೆ. "ಅಷ್ಟ ನೀರ ಎಲ್ಲಿಂದ ತರ್ತಾರೋ ತಮ್ಮಾ? ಬರೇ ಬೀಳಾಕ?" ನವಲಗುಂದದ ರೈತ ಯಾವ ದೇಶದ ಟೀವಿ ನೋಡಿದರೂ ಮೊದಲು ನೀರಿನ ಲೆಕ್ಕ ಹಾಕುತ್ತಾನೆ. ಕಾಲುವೆ ನೀರಿನ ಕರದ ವಿಚಾರಕ್ಕೆ 1980ರಲ್ಲಿ ಗೋಲಿಬಾರ್ ಕಂಡ ಸೀಮೆ ಇದು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಾಗ ದೊಡ್ಡಪ್ಪ ಪೇಢೆ ಹಂಚಿದ. ಆ ನೀರಿನ್ನೂ ಹೊಲಕ್ಕೆ ಬಂದಿಲ್ಲ. ಜಪಾನಿನ ಕೆರೆ ಮಾತ್ರ ಪ್ರತಿ ಎಪಿಸೋಡಿಗೂ ತುಂಬಿರುತ್ತದೆ.

ಇನ್ನು ಕೆಸರಿನ ಮಾತು. ತಕೇಶಿಯ ಕೋಟೆಯಲ್ಲಿ ಕೆಸರಿಗೆ ಬಿದ್ದವರನ್ನು ಕಂಡು ಬೆಂಗಳೂರಿನ ಬೀಗರ ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದರು. ನಮ್ಮ ಹುಡುಗರು ನಗುತ್ತಿರಲಿಲ್ಲ, ತಪ್ಪು ಹುಡುಕುತ್ತಿದ್ದರು. ಎರಿ ಹೊಲದ ಹಾದಿಯಲ್ಲಿ ಬೆಳೆದವರಿಗೆ ಅದು ಕೆಸರೇ ಅಲ್ಲ, ಬಣ್ಣದ ನೀರು. ಮೃಗಶಿರದ ಮಳೆ ಚಲೋ ಆದ ಮರುದಿನ ನಮ್ಮ ಹೊಲದ ದಾರಿಗೆ ಇಳಿಯಬೇಕು. ಮೊದಲ ಹೆಜ್ಜೆಗೆ ಚಪ್ಪಲಿಗೆ ಒಂದು ಬೆರಳು ಮಣ್ಣು ಅಂಟುತ್ತದೆ. ಎರಡನೆಯದಕ್ಕೆ ಆ ಮಣ್ಣಿಗೆ ಮತ್ತಷ್ಟು ಮಣ್ಣು. ಹತ್ತು ಮಾರು ಹೋಗುವಷ್ಟರಲ್ಲಿ ನೀವು ಒಂದು ಗೇಣು ಎತ್ತರವಾಗಿರುತ್ತೀರಿ, ಒಂದೊಂದು ಕಾಲಿಗೂ ಸೇರುಗಟ್ಟಲೆ ತೂಕ. ಕಾಲು ಜಾಡಿಸಿದರೆ ಮಣ್ಣು ಬೀಳುವುದಿಲ್ಲ, ಚಪ್ಪಲಿ ಹಾರಿ ಮಂದಿಯ ಹೆಸರಿನ ಹೊಲಕ್ಕೆ ಹೋಗಿ ಬೀಳುತ್ತದೆ. ತರಲು ಹೋದರೆ ಇನ್ನೊಂದು ಚಪ್ಪಲಿ ಹೂತುಹೋಗುತ್ತದೆ. ಬಲ್ಲವರು ಊರ ಅಗಸಿಯಲ್ಲೇ ಚಪ್ಪಲಿ ಕಳಚಿ ಬಗಲಿಗೆ ಇರುಕಿ, ಧೋತರ ಮೇಲೆತ್ತಿ, ಹೆಬ್ಬೆರಳನ್ನು ನೆಲಕ್ಕೆ ನಾಟಿ ನಾಟಿ ನಡೆಯುತ್ತಾರೆ. ಬದುವಿನ ಮೇಲೆ ಹೋದರೆ ಜಾಲಿಮುಳ್ಳು, ಕೆಳಗೆ ಹೋದರೆ ಎರಿ. ಮುಂದೆ ಬೆಣ್ಣಿಹಳ್ಳ ಬಂದಿದ್ದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಹೆಸರಿನಲ್ಲಿ ಮಾತ್ರ ಬೆಣ್ಣೆ. ಮಳೆಗಾಲದಲ್ಲಿ ದಂಡೆ ಬಿಟ್ಟು ಹೊಲಕ್ಕೆ ನುಗ್ಗಿ ಬೆಳೆ ತಿಂದು ಹೋಗುವ ಹಳ್ಳ ಅದು. ಕಲಘಟಗಿ ಕಡೆಯ ನಮ್ಮ ಸಂಬಂಧಿಕರು ತಮ್ಮ ಭತ್ತದ ಗದ್ದೆಯ ರಾಡಿಯನ್ನು ಹೊಗಳಿಕೊಳ್ಳುತ್ತಾರೆ. ಅದು ಕಾಲು ಜಾರಿಸುತ್ತದೆ ಅಷ್ಟೆ. ನಮ್ಮದು ಹಿಡಿದುಕೊಂಡು ಬಿಡುವುದೇ ಇಲ್ಲ.

ಪಂದ್ಯಕ್ಕೂ ನಾವು ಬಡವರಲ್ಲ. ನಾಗರ ಪಂಚಮಿ ಬಂತೆಂದರೆ ಹೆಣ್ಣುಮಕ್ಕಳು ಜೋಕಾಲಿ ಏರುತ್ತಾರೆ, ಗಂಡಸರು ಪಂಥ ಕಟ್ಟುತ್ತಾರೆ. ಇಷ್ಟು ಎಸೆತದಲ್ಲಿ ನಿಂಬಿಹಣ್ಣನ್ನು ನಮ್ಮ ಅಗಸಿಯಿಂದ ಆ ಊರ ಹಣಮಪ್ಪನ ಗುಡಿಗೆ ಮುಟ್ಟಿಸಬೇಕು. ಕಣ್ಣು ಕಟ್ಟಿಕೊಂಡು ಇಂಥಲ್ಲಿಗೆ ನಡೆಯಬೇಕು. ಜೋಳದ ಚೀಲ ಹೊತ್ತು ಗುಡಿ ಸುತ್ತಬೇಕು. ಒಂದು ಪಂಚಮಿಗೆ ನಮ್ಮೂರ ಹುರಿಯಾಳು ಎಸೆದ ನಿಂಬಿಹಣ್ಣು ದಾರಿಬದಿಯ ಎರಿಯಲ್ಲಿ ಬಿದ್ದು ಪೂರ್ತಿ ಒಳಗೆ ಹೋಯಿತು. ಹಣ್ಣು ಸಿಕ್ಕಲ್ಲಿಂದಲೇ ಮುಂದಿನ ಎಸೆತ ಎಂಬುದು ನಿಯಮ. ಎರಡೂ ಪಕ್ಷದವರು ಮೊಣಕಾಲೂರಿ ಕೆದಕಿದರು. ಸಿಕ್ಕಿದ್ದು ಹಿಂದಿನ ವರ್ಷದ್ದು ಇರಬಹುದಾದ ಒಣ ನಿಂಬಿಕಾಯಿ. ಇದು ಆ ಹಣ್ಣೋ ಅಲ್ಲವೋ ಎಂಬ ವಾದ ಕತ್ತಲಾಗುವವರೆಗೆ ನಡೆಯಿತು. ಜಪಾನಿನವರ ಆಟದಲ್ಲಿ ಸೋತವನು ಎದ್ದು ತಲೆಬಾಗಿಸಿ ಮನೆಗೆ ಹೋಗುತ್ತಾನೆ. ಅಷ್ಟು ಸುಲಭವಾಗಿ ಸೋಲನ್ನು ಬಿಟ್ಟುಕೊಡುವುದು ನಮಗೆ ಬರುವುದಿಲ್ಲ.

ಈಗ ನನ್ನ ಯುಗಕ್ಕೆ ಬರುತ್ತೇನೆ. ತಕೇಶಿಯ ಕೋಟೆ ಕಟ್ಟಿದ್ದ ಯೋಕೊಹಾಮಾದ ಅದೇ ಮಿದೋರಿಯಾಮಾ ಸ್ಟುಡಿಯೋದ ನೆಲದಲ್ಲಿ ಇನ್ನೊಂದು ಆಟ ಬೇರು ಬಿಟ್ಟಿತು. ಹೆಸರು ಸಾಸುಕೆ, ಹೊರದೇಶದವರು ನಿಂಜಾ ವಾರಿಯರ್ ಅನ್ನುತ್ತಾರೆ. 1997ರಲ್ಲಿ ಶುರುವಾದದ್ದು ಇಂದಿಗೂ ನಡೆದಿದೆ. ನೂರು ಜನ, ನಾಲ್ಕು ಹಂತ. ಬಾಗಿದ ಗೋಡೆ ಹತ್ತಬೇಕು, ಬೆರಳ ತುದಿ ಹಿಡಿಸುವಷ್ಟು ಅಂಚಿಗೆ ಜೋತು ಸರಿಯಬೇಕು, ಕೊನೆಗೆ ಹಗ್ಗ ಹಿಡಿದು ಗೋಪುರದ ತುದಿ ಮುಟ್ಟಬೇಕು, ಅದೂ ಗಡಿಯಾರದ ಕೂಡ ಜಗಳ ಮಾಡುತ್ತ. ಬಹಳ ಸಲ ನೂರಕ್ಕೆ ನೂರೂ ಜನ ಬೀಳುತ್ತಾರೆ. ಆಗ ಯಾರೂ ಗೆಲ್ಲದೆಯೇ ಕಾರ್ಯಕ್ರಮ ಮುಗಿಯುತ್ತದೆ, ನಿರೂಪಕನ ಗಂಟಲು ಮಾತ್ರ ಹರಿದಿರುತ್ತದೆ. 2020ರವರೆಗಿನ ಮೂವತ್ತೆಂಟು ಪಂದ್ಯಗಳಲ್ಲಿ ನಾಲ್ಕೂ ಹಂತ ಮುಗಿಸಿದವರು ನಾಲ್ಕೇ ಜನ.

1999ರಲ್ಲಿ ಮೊದಲು ಗೆದ್ದ ಕಜುಹಿಕೊ ಅಕಿಯಾಮಾ ಏಡಿ ಹಿಡಿಯುವ ಮೀನುಗಾರ, ಹುಟ್ಟಿನಿಂದ ದೃಷ್ಟಿ ಮಂದ. 2006ರಲ್ಲಿ ಗೆದ್ದ ಮಕೊತೊ ನಗಾನೊ ಕೂಡ ಮೀನು ದೋಣಿಯವನೇ. ಅದಕ್ಕೂ ಮೊದಲು ಒಮ್ಮೆ ಹಗ್ಗದ ತುದಿಗೆ ಮುಟ್ಟಿ ಗುಂಡಿ ಒತ್ತುವಷ್ಟರಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾಗಿ ಸೋತಿದ್ದ. 2010 ಮತ್ತು 2011ರಲ್ಲಿ ಗೆದ್ದ ಯೂಜಿ ಉರುಶಿಹಾರಾ ಬೂಟು ಮಾರುವವನು. ಇವರ ಜತೆಗೆ ಸಾಲಾಗಿ ಬಿದ್ದವರಲ್ಲಿ ಒಬ್ಬ ಪೆಟ್ರೋಲ್ ಬಂಕಿನವನು, ಒಬ್ಬ ಅಗ್ನಿಶಾಮಕ ದಳದವನು. ಎಲ್ಲರೂ ಸೋಮವಾರ ಕೆಲಸಕ್ಕೆ ಹೋಗಬೇಕಾದವರು. ನಾನು ಮೆಚ್ಚುವುದು ಇದನ್ನೇ. ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಈ ಹಳೆಯ ಪಂದ್ಯಗಳನ್ನೆಲ್ಲ ಫೋನಿನಲ್ಲಿ ರಾತ್ರಿಯೆಲ್ಲ ಕೂತು ನೋಡಿದೆ. ಆದರೂ ಈ ಯುಗಕ್ಕೆ ಗೆದ್ದವರ ಹೆಸರಿಡಲಿಲ್ಲ. ಕತ್ಸುಮಿ ಯಮಾಡಾನ ಹೆಸರಿಟ್ಟೆ.

ಯಮಾಡಾ ಮೊದಲನೇ ಪಂದ್ಯದಿಂದ ಇದ್ದವನು. ಕೊನೆಯ ಹಂತ ಮುಟ್ಟಿದ್ದು ಒಂದೇ ಒಂದು ಸಲ, ಅದೂ ಶುರುವಿನ ವರ್ಷಗಳಲ್ಲಿ. ಆಮೇಲೆ ಆಟದ ಹುಚ್ಚಿಗೆ ನೌಕರಿ ಹೋಯಿತು. ಮನೆಯಲ್ಲೇ ಅಡೆತಡೆಗಳನ್ನು ಕಟ್ಟಿಕೊಂಡು ಅಭ್ಯಾಸ ಮಾಡಿದ. ಒಮ್ಮೆ ಎರಡನೇ ಹಂತದಲ್ಲಿ ಕೈಗವಸು ತೆಗೆಯಲು ಮರೆತು ಅನರ್ಹನಾದ. ನಿವೃತ್ತಿ ಎಂದು ಕಣ್ಣೀರು ಹಾಕಿದ, ಮತ್ತೆ ಬಂದ, ಮತ್ತೆ ಬಿದ್ದ. ಜಪಾನಿನವರು ಅವನಿಗೆ 'ಮಿಸ್ಟರ್ ಸಾಸುಕೆ' ಎಂದು ಬಿರುದು ಕೊಟ್ಟರು. ಗೆದ್ದವರಿಗೆ ಕೊಡಲಿಲ್ಲ, ನೋಡಿ.

ಯಮಾಡಾನನ್ನು ಮೊದಲ ಸಲ ನೋಡಿದಾಗಲೇ ಇವನನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಧಾರವಾಡದ ಸಪ್ತಾಪುರದಲ್ಲಿ! ಅಲ್ಲಿ ನಮ್ಮ ಕಾಕಾನ ಮಗ ರೂಮು ಮಾಡಿದ್ದಾನೆ. ಅಣ್ಣಿಗೇರಿ, ಕುಂದಗೋಳ, ರೋಣ, ಸವದತ್ತಿ, ಎಲ್ಲಿಂದೆಲ್ಲ ಬಂದ ಹುಡುಗರು ಕೋಚಿಂಗ್ ಕ್ಲಾಸುಗಳ ಆ ಓಣಿಗಳಲ್ಲಿ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಓದುತ್ತ ಗಡ್ಡ ಬೆಳೆಸಿದ್ದಾರೆ. ಅಲ್ಲಿಯೂ ಹಂತಗಳೇ: ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ಅದರ ಮೇಲೆ ಕೋರ್ಟಿನ ತಡೆಯಾಜ್ಞೆ. ಪಿಎಸ್‌ಐ ಆಗುವವರಿಗೆ 1600 ಮೀಟರ್ ಓಟ, ಜಿಗಿತ, ಗುಂಡು ಎಸೆತ ಬೇರೆ. ಸಾಸುಕೆಯಲ್ಲಿ ಯಾರಾದರೂ ಗೆದ್ದರೆ ಮುಂದಿನ ಸಲಕ್ಕೆ ಆಟವನ್ನು ಇನ್ನಷ್ಟು ಬಿಗಿ ಮಾಡುತ್ತಾರಂತೆ. ನಮ್ಮಲ್ಲಿ ಗೆದ್ದ ಮೇಲೆ ಆಟವನ್ನೇ ರದ್ದು ಮಾಡುವ ಪದ್ಧತಿ ಇದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ಪರೀಕ್ಷೆ ಆಗಿ, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಿತಲ್ಲ! ಎರಡನೇ ಹಂತ ದಾಟಿದವನನ್ನು ಕರೆದು, "ಮತ್ತೊಮ್ಮೆ ಮೊದಲಿಂದ ಜಿಗಿಯಪ್ಪಾ" ಅನ್ನುವ ಧೈರ್ಯ ಜಪಾನಿನವರಿಗೂ ಬಂದಿಲ್ಲ.

ಕಾಕಾನ ಮಗ ರಜೆಗೆ ಊರಿಗೆ ಬಂದರೆ ಮಂದಿ, "ಏನಾತೋ ತಮ್ಮಾ?" ಅಂತ ಕೇಳುವುದು ಬಿಟ್ಟು ಬಹಳ ಕಾಲವಾಯಿತು. "ಯಾವಾಗ ಬಂದಿ?" ಅನ್ನುತ್ತಾರೆ, ಅದಕ್ಕಾದರೂ ಅವನ ಬಳಿ ಉತ್ತರ ಇರುತ್ತದೆ ಎಂದು. ಅವನಿಗೆ ಸಿಂಧೂ ಕಣಿವೆಯಿಂದ ಹಿಡಿದು ನಿನ್ನೆಯ ಬಜೆಟ್ಟಿನವರೆಗೆ ಎಲ್ಲ ಬಾಯಿಪಾಠ. ಅವನಿಗೆ ಹೆಣ್ಣು ಹುಡುಕಲು ಹೋದವರು ಮಾತ್ರ ಬರಿಗೈಲಿ ಬರುತ್ತಾರೆ. ಅವನಿಗೆ ಒಂದು ಸಂಜೆ ಯಮಾಡಾನ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದ. ನಗಲಿಲ್ಲ. "ಗ್ಲೌಸ್ ತಗೀಬೇಕಂತ ಹಾಲ್ ಟಿಕೀಟಿನ್ಯಾಗ ಬರದಿದ್ರೇನು?" ಅಂತ ಮಾತ್ರ ಕೇಳಿದ.

ಅಣ್ಣನ ಮಗನ ಯುಗದ ಬಗ್ಗೆ ಹೆಚ್ಚು ಹೇಳಲಾರೆ. ಯೂಸುಕೆ ಮೊರಿಮೊಟೊ 2015ರಲ್ಲೂ 2020ರಲ್ಲೂ ಗೆದ್ದ, ಪ್ರತಿಭಾವಂತ, ಒಪ್ಪಿದೆ. ಆದರೆ ಈಗಿನವರಿಗೆ ಜಿಮ್ಮು, ಕೋಚು, ತೂಕ ಮಾಡಿ ತಿನ್ನುವ ಊಟ. ಅಮೆರಿಕದವರು ಇದನ್ನು ಕಲಿತು, ದಶಲಕ್ಷ ಡಾಲರ್ ಬಹುಮಾನವಿಟ್ಟು, ಪ್ರತಿ ಸ್ಪರ್ಧಿಗೂ ಒಂದು ಅಳುವ ಕತೆ ಕಟ್ಟಿ ಕೆಡಿಸಿದರು. ತಕೇಶಿಯ ಕೋಟೆಯನ್ನೂ 2023ರಲ್ಲಿ ಹೊಸದಾಗಿ ಕಟ್ಟಿ ಪ್ರೈಮ್ ವಿಡಿಯೋದಲ್ಲಿ ಬಿಟ್ಟರು. ಹಿಂದಿಯಲ್ಲಿ ಭುವನ್ ಬಾಮ್ ಕಾಮೆಂಟರಿ. ದೊಡ್ಡಪ್ಪ ಒಂದು ಎಪಿಸೋಡು ನೋಡಿ, "ಇವರು ಬೀಳಾಕ ಅಂತನ ಬಂದಾರ" ಎಂದು ಎದ್ದು ಹೋದ. ವಿಮರ್ಶೆಯಲ್ಲಿ ಇದಕ್ಕಿಂತ ಹೆಚ್ಚು ಹೇಳುವುದು ಕಷ್ಟ.

ಕಳೆದ ಪಂಚಮಿಗೆ ಎಲ್ಲರೂ ಮನೆಯಲ್ಲಿ ಕೂಡಿದ್ದೆವು. ಅಣ್ಣನ ಮಗ ಕೊನೆಯ ಬಾಣ ಬಿಟ್ಟ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಮಾಡರ್ನ್ ಪೆಂಟಾಥ್ಲಾನಿನಲ್ಲಿ ಕುದುರೆ ಸವಾರಿ ತೆಗೆದು ಇದೇ ಅಡೆತಡೆ ಓಟವನ್ನು ಸೇರಿಸುತ್ತಾರೆ, ಆದ್ದರಿಂದ ಮುಂದಿನ ಯುಗವೇ ಶ್ರೇಷ್ಠ ಎಂದು. ದೊಡ್ಡಪ್ಪ ಕುದುರೆಗೆ ಆದ ಅನ್ಯಾಯದ ಬಗ್ಗೆ ಮಾತು ತೆಗೆದ. ದೊಡ್ಡವ್ವ ಶೇಂಗಾ ಉಂಡಿ ತಂದಿಟ್ಟು, ಎಂದೂ ಕೇಳದವಳು ಕೇಳಿದಳು: "ಆ ಬೀಳಾಂವ ಇದ್ದನಲ್ಲ, ಯಮಾಡಾ, ಅಂವ ಈಗೂ ಆಡ್ತಾನೇನು? ವಯಸ್ಸ ಆಗಿರಬೇಕಲ್ಲ?"

"ಆಗೇತಿ ದೊಡ್ಡವ್ವಾ, 1965ರಾಗ ಹುಟ್ಟ್ಯಾನ. ಆದ್ರ ಆ ಆಟಕ್ಕ ವಯೋಮಿತಿ ಅಂತ ಇಲ್ಲ" ಅಂದೆ.

ಮೂಲೆಯಲ್ಲಿ ಕರೆಂಟ್ ಅಫೇರ್ಸ್ ಪುಸ್ತಕ ಹಿಡಿದು ಕೂತಿದ್ದ ಕಾಕಾನ ಮಗ ತಲೆ ಎತ್ತಿದ.

"ಅರ್ಜಿ ಆನ್‌ಲೈನೋ, ಆಫ್‌ಲೈನೋ?"