ದೋಣಿಯಿಲ್ಲದ ಊರಿನ ಚಾರ್ಜರ್

ಜಗಳೂರು ತಾಲ್ಲೂಕಿನ ನಮ್ಮ ಸೊಕ್ಕೆಯಲ್ಲಿ ಹಾಯಿದೋಣಿ ಇಲ್ಲ. ಮಳೆಗಾಗಿ ಮುಗಿಲು ನೋಡುವ ಸೀಮೆ ಇದು. ದೋಣಿ ತಂದರೂ ಮೆಕ್ಕೆಜೋಳದ ಹೊಲದಲ್ಲೇ ತೇಲಿಸಬೇಕು. ಆದರೆ ದೋಣಿಯಲ್ಲಿರುವಂಥ ಬ್ಯಾಟರಿಗಳಿಗೆ ಮಾತ್ರ ಬರವಿಲ್ಲ. ಟ್ರ್ಯಾಕ್ಟರಿಗೊಂದು, ಔಷಧಿ ಹೊಡೆಯುವ ಪಂಪಿಗೊಂದು, ಕರೆಂಟು ಹೋದರೂ ಧಾರಾವಾಹಿ ನಿಲ್ಲದಿರಲೆಂದು ಯುಪಿಎಸ್‌ಗೊಂದು.

ಮೊನ್ನೆ ಟ್ರ್ಯಾಕ್ಟರ್ ಬ್ಯಾಟರಿ ಕೈಕೊಟ್ಟಿತು. ಚಾರ್ಜರ್ ತರೋಣವೆಂದೆ. ಕಟ್ಟೆಯ ಮೇಲೆ ತಜ್ಞರ ಸಭೆಯೇ ಸೇರಿತು. "30 ಆಂಪಿಯರಿಂದೇ ತಗಳಪ್ಪ, ಒಂದು ಬೀಡಿ ಮುಗಿಯೋದ್ರೊಳಗೆ ತುಂಬ್ತತಿ" ಎಂದರು ದೊಡ್ಡಪ್ಪ. ಜೊತೆಗೆ ಅಂಗಡಿಗೂ ಬಂದರು.

ಅಂಗಡಿ ಹುಡುಗ ನಕ್ಕ. "ಹಸಿದೋನ ಬಾಯಿಗೆ ಇಡೀ ಮುದ್ದೆ ತುರುಕಿದಂಗೆ ಆಗ್ತತಿ ಯಜಮಾನ್ರೇ." ಅವನ ಲೆಕ್ಕ ಸರಳ: ಬ್ಯಾಟರಿಯ ಆಂಪಿಯರ್-ಅವರ್‌ನಲ್ಲಿ ಹತ್ತನೇ ಒಂದು ಪಾಲು. ನಮ್ಮದು 80; ಹಾಗಾಗಿ 8 ಆಂಪಿಯರ್ ಸಾಕು, 10–12 ಗಂಟೆ ಹಿಡಿದೀತು. 12 ವೋಲ್ಟಿನ ಬ್ಯಾಟರಿ 14.4 ವೋಲ್ಟಿನ ಆಸುಪಾಸಿಗೆ ಬಂದು ತುಂಬಿದ ಮೇಲೆ ತಾನಾಗಿ ತಗ್ಗುವಂಥ ಚಾರ್ಜರ್ ಬೇಕು. ತಗ್ಗದಿದ್ದರೆ ಒಳಗಿನ ನೀರು ಗ್ಯಾಸಾಗಿ ಹಾರುತ್ತದೆ. ಹತ್ತಿರ ಕಿಡಿ ಬಿದ್ದರೆ ಬ್ಯಾಟರಿಯೇ ಸಿಡಿಯಬಹುದು. ದೊಡ್ಡಪ್ಪ ಕಿವಿಗೆ ಸಿಕ್ಕಿಸಿದ್ದ ಬೀಡಿಯನ್ನು ಮೆಲ್ಲಗೆ ಜೇಬಿಗಿಳಿಸಿದರು.

ಕಡಲಿನ ದೋಣಿಯವನಿಗೂ ಇದೇ ಲೆಕ್ಕ. ಅವನಿಗೆ ಉಪ್ಪುಗಾಳಿಯ ಕಾಟ, ನಮಗೆ ಏರಿಳಿಯುವ ವೋಲ್ಟೇಜಿನದು, ಅಷ್ಟೇ. ನೀವೂ ಚಾರ್ಜರ್ ಕೊಳ್ಳುವ ಮುಂಚೆ ಕಟ್ಟೆಯವರನ್ನು ಕೇಳಬೇಡಿ; ಬ್ಯಾಟರಿಯ ಮೈಮೇಲಿನ ಅಂಕಿ ಓದಿ.