ಬೀರು ಸೇರಿದ ಲೈಸೆನ್ಸು

ಪೈಲಟ್ ಓದೋಕೆ ಅಮೆರಿಕಕ್ಕೆ ಹೋಗಿ ಬಂದ ಮಕ್ಕಳು ಈಗ ನಮ್ಮ ತುಮಕೂರು ಕಡೆಗೂ ತೀರಾ ಹೊಸಬರೇನಲ್ಲ ಬಿಡಿ. ಹೋಗುವಾಗ ಬೀದಿಯೆಲ್ಲ ಹರಸಿ ಕಳಿಸುತ್ತೆ, ಬಂದ ಮೇಲೆ ಅದೇ ಬೀದಿ ಕೇಳುತ್ತೆ: "ಲೈಸೆನ್ಸ್ ಸಿಕ್ಕಿದೆಯಲ್ಲಪ್ಪಾ, ಇನ್ನೂ ಯಾಕೆ ಮನೇಲಿದ್ದೀಯ?" ಆ ಮಗು ಏನಂತ ಹೇಳಬೇಕು? ಕೈಯಲ್ಲಿರೋದು ಅಲ್ಲಿಯ ವಿಮಾನಯಾನ ಇಲಾಖೆ ಎಫ್‌ಎಎ ಕೊಟ್ಟ ಲೈಸೆನ್ಸು. ಇಲ್ಲಿ ಬಾಲದ ಹತ್ತಿರ ಭಾರತದ ಗುರುತು 'ವಿಟಿ' ಅಂತ ಬರೆದಿರೋ ವಿಮಾನ ಹಾರಿಸೋಕೆ ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ಕೊಡೋ ಲೈಸೆನ್ಸೇ ಆಗಬೇಕು. ಅಲ್ಲಿಯ ಲೈಸೆನ್ಸನ್ನ ಇಲ್ಲಿಯದಾಗಿ ಬದಲಿಸಿಕೊಳ್ಳೋದಕ್ಕೆ ಕನ್ವರ್ಶನ್ ಅಂತಾರೆ. ನನಗೆ ಹೇಳಬೇಕು ಅನ್ನಿಸಿರೋದು, ಆ ಕನ್ವರ್ಶನ್ ನಡೆಯೋ ತಿಂಗಳುಗಳಲ್ಲಿ ಸದ್ದಿಲ್ಲದೆ ಬೀರು ಸೇರಿಬಿಡೋ ಅಮೆರಿಕದ ಕಾರ್ಡಿನ ಬಗ್ಗೆ.

ಎಷ್ಟು ಚೆಂದದ ಕಾರ್ಡು ಗೊತ್ತಾ ಅದು! ರೈಟ್ ಸಹೋದರರಿಬ್ಬರ ಚಿತ್ರವೂ ಅದರ ಮೇಲಿದೆ. ನಮ್ಮ ಪಕ್ಕದ ಮನೆ ಅಕ್ಕ, ಮಗಳು ತಂದ ಕಾರ್ಡನ್ನ ದೇವರ ಮುಂದಿಟ್ಟು ಕುಂಕುಮ ಹಚ್ಚಿ, ಆಮೇಲೆ ಬೀರುವಿನಲ್ಲಿ ಧಾರೆ ಸೀರೆಯ ಕೆಳಗೆ ಜೋಪಾನ ಮಾಡಿದರು. "ಇದಕ್ಕೆ ಎಕ್ಸ್‌ಪೈರಿನೇ ಇಲ್ವಂತೆ ಕಣ್ರೀ" ಅಂತ ಕಾಂಪೌಂಡಿನ ಆಚೆಯಿಂದ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಅಕ್ಕ ಹೇಳಿದ್ದು ನಿಜವೇ. ಕಾರ್ಡಿನ ಮೇಲೆ ಕೊನೇ ದಿನಾಂಕ ಇರೋದಿಲ್ಲ. ಆದರೆ ಅದನ್ನ ಹಿಡ್ಕೊಂಡು ವಿಮಾನ ಹತ್ತೋ ಹಕ್ಕು ಇದೆಯಲ್ಲ, ಅದಕ್ಕೆ ಮಾತ್ರ ಲೆಕ್ಕ ಇದೆ.

24 ತಿಂಗಳಿಗೊಮ್ಮೆ ಫ್ಲೈಟ್ ರಿವ್ಯೂ ಆಗಬೇಕು. ಅಲ್ಲಿಯ ಇನ್‌ಸ್ಟ್ರಕ್ಟರ್ ಜೊತೆ ಕಡಿಮೆಯೆಂದರೂ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ. ಇದರಲ್ಲೂ ಒಂದು ತಮಾಷೆ ಇದೆ ನೋಡಿ. 2024ರ ಮಾರ್ಚ್ 3ಕ್ಕೆ ರಿವ್ಯೂ ಮುಗಿಸಿದವರಿಗೆ 2026ರ ಮಾರ್ಚ್ 31ರ ತನಕ ಪರವಾಗಿಲ್ಲ. ತಿಂಗಳ ಮೊದಲ ವಾರದಲ್ಲಿ ಮಾಡಿಸಿದವರಿಗೆ ಉಳಿದ ದಿನಗಳು ಲಾಭ. ಜೊತೇಲಿ ಯಾರನ್ನಾದರೂ ಕೂರಿಸಿಕೊಂಡು ಹಾರಬೇಕಾದರೆ, ಹಿಂದಿನ 90 ದಿನದಲ್ಲಿ ಮೂರು ಸಲ ಏರಿ ಇಳಿದಿರಬೇಕು. ಹಗಲಾದರೆ ಚಕ್ರ ತಾಗಿಸಿ ಮತ್ತೆ ಏರಿದರೂ ಸಾಮಾನ್ಯವಾಗಿ ನಡೆಯುತ್ತೆ, ರಾತ್ರಿಯಾದರೆ ಪೂರ್ತಿ ನಿಲ್ಲಿಸಲೇಬೇಕು. ಮೋಡದೊಳಗೆ ಹಾರೋ ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಆರಾರು ತಿಂಗಳ ಲೆಕ್ಕ, ಅದೇ ಬೇರೆ.

ಮೆಡಿಕಲ್ಲಿನದು ಇನ್ನೂ ಸ್ವಾರಸ್ಯ. ನಲವತ್ತರೊಳಗಿನವರಿಗೆ ಎಫ್‌ಎಎ ಫಸ್ಟ್ ಕ್ಲಾಸ್ ಮೆಡಿಕಲ್ ಕಮರ್ಷಿಯಲ್ ಕೆಲಸಕ್ಕೆ 12 ತಿಂಗಳು ಬರುತ್ತೆ. ಆಮೇಲೆ ಅದೇ ಕಾಗದ ಥರ್ಡ್ ಕ್ಲಾಸ್ ಆಗಿ, ಒಟ್ಟು 60 ತಿಂಗಳವರೆಗೆ ಖಾಸಗಿ ಹಾರಾಟಕ್ಕೆ ಆಗುತ್ತೆ. ಇಲ್ಲಿಯ ಮೆಡಿಕಲ್ ಅಲ್ಲಿಗೆ ನಡೆಯಲ್ಲ, ಅಲ್ಲಿಯದು ಇಲ್ಲಿಗೆ ನಡೆಯಲ್ಲ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆಯಲ್ಲ, ಅಲ್ಲಿ ಕ್ಲಾಸ್ ವನ್ ಮಾಡಿಸಿಕೊಂಡು ಬಂದರೂ ಎಫ್‌ಎಎಗೆ ಅವರದೇ ಡಾಕ್ಟರು ನೋಡಬೇಕು. ಕಣ್ಣು ಅದೇ, ಎದೆ ಬಡಿತ ಅದೇ, ಸರ್ಕಾರ ಎರಡು. ಏನು ಮಾಡೋದು, ಅಲ್ವಾ?

ಈಗ ವಿಳಾಸದ ವಿಷಯಕ್ಕೆ ಬನ್ನಿ. ವಿಳಾಸ ಬದಲಾಗಿ 30 ದಿನದೊಳಗೆ ಎಫ್‌ಎಎಗೆ ತಿಳಿಸದಿದ್ದರೆ ಆ ಲೈಸೆನ್ಸ್ ಮೇಲೆ ಹಾರೋ ಹಾಗಿಲ್ಲ. ವಿಮಾನ ಇಳಿದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ನೆಂಟರ ಮನೆಗಳನ್ನೆಲ್ಲ ಸುತ್ತಿ ಬರೋಷ್ಟರಲ್ಲಿ ಮೂವತ್ತು ದಿನ ಎಲ್ಲಿ ಹೋಯ್ತೋ ಗೊತ್ತಾಗಲ್ಲ! ನಮ್ಮ ವಿಳಾಸಗಳೂ ಹಾಗೇ ಇರ್ತವೆ, 'ಗಣಪತಿ ದೇವಸ್ಥಾನದ ಹಿಂಭಾಗ, ರೈಸ್ ಮಿಲ್ ಎದುರು' ಅಂತ. ಅದರ ಮೇಲೆ ಈಗ ಇನ್ನೊಂದು ಸೇರಿದೆ. ಅಮೆರಿಕದಲ್ಲಿ ಮನೆ ವಿಳಾಸ ಇಲ್ಲದೆ ಹೊರದೇಶದ ವಿಳಾಸ ಕೊಟ್ಟಿರೋರು, ಕಾಗದಪತ್ರ ತಗೊಳ್ಳೋಕೆ ಅಲ್ಲೇ ಒಬ್ಬ ಏಜೆಂಟರನ್ನ ತೋರಿಸಬೇಕು. ಮೊದಲೇ ಲೈಸೆನ್ಸ್ ಇದ್ದವರಿಗೆ 2025ರ ಜುಲೈ 7 ಗಡುವಾಗಿತ್ತು. ನ್ಯೂಜೆರ್ಸಿಯಲ್ಲೋ ಡಲ್ಲಾಸಲ್ಲೋ ಇರೋ ಚಿಕ್ಕಪ್ಪನ ಮಗ ಇಂಥ ಹೊತ್ತಿಗೆ ಆಗ್ತಾನೆ ನೋಡಿ.

ಹೆಸರಿನ ಪಜೀತಿ ಬೇರೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಅಮೆರಿಕದ ಕಾರ್ಡಿನಲ್ಲಿ ಊರಿನ ಹೆಸರೇ ಮನೆತನದ ಹೆಸರು! ಇಲ್ಲಿ ಪರೀಕ್ಷೆ ಬರೆಯೋಕೆ ಬೇಕಾದ ಡಿಜಿಸಿಎ ಕಂಪ್ಯೂಟರ್ ನಂಬರಿಗೆ ಅರ್ಜಿ ಹಾಕಿದಾಗ ಮೂರೂ ಒಬ್ಬರದೇ ಅಂತ ತೋರಿಸಬೇಕು. ಲಾಗ್‌ಬುಕ್ಕಿನ ದಿನಾಂಕವೂ ಅಷ್ಟೇ. ಅವರು ತಿಂಗಳು ಮೊದಲು ಬರೀತಾರೆ, ನಾವು ದಿನ ಮೊದಲು. ಏಪ್ರಿಲ್ 3ರಂದು ಹಾರಿದ್ದು ಇಲ್ಲಿ ಓದೋರಿಗೆ ಮಾರ್ಚ್ 4 ಆಗಿ ಕಂಡರೆ ಆಶ್ಚರ್ಯವೇನಿಲ್ಲ.

ಇಷ್ಟಕ್ಕೂ ಒಂದು ದೇಶದ ಲೈಸೆನ್ಸನ್ನ ಇನ್ನೊಂದು ದೇಶ ಯಾಕೆ ನೇರ ಒಪ್ಪಬಾರದು ಅಂತ ನೀವು ಕೇಳಬಹುದು. 1944ರ ಶಿಕಾಗೋ ಒಪ್ಪಂದದಲ್ಲೇ ಇದರ ಉತ್ತರ ಇದೆ. ಒಂದು ದೇಶ ತನ್ನ ಪ್ರಜೆಗೆ ಬೇರೆ ದೇಶ ಕೊಟ್ಟ ಲೈಸೆನ್ಸನ್ನ ತನ್ನ ನೆಲದ ಮೇಲಿನ ಹಾರಾಟಕ್ಕೆ ಒಪ್ಪದೇ ಇರಬಹುದು ಅಂತ 32ನೇ ವಿಧಿ ಹೇಳುತ್ತೆ. ಸುಮ್ಮನೆ ಹಟಕ್ಕಲ್ಲ. ಅಲ್ಲಿ ಆಲ್ಟಿಮೀಟರ್ ಹೊಂದಿಸೋದು ಪಾದರಸದ ಇಂಚಿನಲ್ಲಿ, ಇಲ್ಲಿ ಹೆಕ್ಟೊಪಾಸ್ಕಲ್‌ನಲ್ಲಿ. ಅಲ್ಲಿ ರಾತ್ರಿ ಹೊತ್ತೂ ಕಣ್ಣಳತೆಯ ವಿಎಫ್‌ಆರ್ ಹಾರಾಟ ಮಾಮೂಲು, ಇಲ್ಲಿ ಸೂರ್ಯ ಮುಳುಗಿದ ಮೇಲೆ ವಿಶೇಷ ಅನುಮತಿ ಇಲ್ಲದೆ ಆಗಲ್ಲ. ಅದಕ್ಕೇ ಏರ್ ರೆಗ್ಯುಲೇಶನ್ ಪೇಪರು, ನ್ಯಾವಿಗೇಶನ್ನೂ ಹವಾಮಾನವೂ ಸೇರಿದ ಕಾಂಪೋಸಿಟ್ ಪೇಪರು, ಶೇಕಡಾ 70 ಬಂದರೆ ಪಾಸು. ರೇಡಿಯೊ ಮಾತಿನ ಆರ್‌ಟಿಆರ್ ಅಂತೂ ಎಲ್ಲ ಮಕ್ಕಳ ನಿದ್ದೆ ಕೆಡಿಸುತ್ತೆ. ಆಮೇಲೆ ಇಲ್ಲಿಯ ವಿಮಾನದಲ್ಲಿ ಸ್ಕಿಲ್ ಟೆಸ್ಟು.

ಹಾರಾಟ ಅಂದ ಕೂಡಲೇ ನನಗೆ ಬೆಂಗಳೂರಿನ ಜಕ್ಕೂರು ನೆನಪಾಗುತ್ತೆ. ಅಲ್ಲಿಯ ಸರ್ಕಾರಿ ವಿಮಾನ ಹಾರಾಟ ಶಾಲೆಯಲ್ಲಿ ಕಲಿತ ಉಷಾ ಸುಂದರಂ, ಗಂಡ ವಿ. ಸುಂದರಂ ಜೊತೆ 1951ರಲ್ಲಿ ಡವ್ ವಿಮಾನವನ್ನ ಇಂಗ್ಲೆಂಡಿನಿಂದ ಇಂಡಿಯಾಕ್ಕೆ 27 ಗಂಟೆಯಲ್ಲಿ ತಂದರು. ಆ ಕಾಲಕ್ಕೆ ಅದೆಂಥ ಧೈರ್ಯ! ಈಗ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೇ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯ್ತು. ಅಲ್ಲಿಯ ಸುತ್ತಮುತ್ತಲ ಮಕ್ಕಳು ಮೇಲೆ ಸದ್ದು ಕೇಳಿದರೆ ಇನ್ನು ಮುಂದೆ ಕತ್ತೆತ್ತಿ ಸುಮ್ಮನಾಗಲ್ಲ, 'ನಾನೂ ಓಡಿಸಬೇಕು' ಅಂತಾರೆ. ಅನ್ನಲಿ, ಒಳ್ಳೇದೇ. ಆದರೆ ಹೆಲಿಕಾಪ್ಟರ್ ಲೈಸೆನ್ಸೇ ಬೇರೆ, ವಿಮಾನದ್ದೇ ಬೇರೆ ಅನ್ನೋದನ್ನ ಮನೆಯವರು ಮೊದಲೇ ತಿಳ್ಕೊಂಡಿರಲಿ.

ಬೀರುವಿಗೆ ವಾಪಸ್ ಬರೋಣ. ಪರೀಕ್ಷೆ, ಮೆಡಿಕಲ್, ಎಫ್‌ಎಎಯಿಂದ ಡಿಜಿಸಿಎಗೆ ಬರಬೇಕಾದ ದೃಢೀಕರಣ ಅಂತ ದಿನ ಉರುಳ್ತಾ ಇರುತ್ತೆ. ಕನ್ವರ್ಶನ್ನಿಗೆ ಕೇಳೋದು ಚಾಲ್ತಿಯಲ್ಲಿರೋ ಲೈಸೆನ್ಸು, ಅದು ನೋಡಿದರೆ ಬೀರುವಿನಲ್ಲಿ ಮಲಗಿರುತ್ತೆ. ಚಿಕ್ಕವರಿದ್ದಾಗ ಕುಣಿಗಲ್ ಮೇಲೆ ಬಸ್ಸಿನಲ್ಲಿ ಹೋಗುವಾಗ ಟಿಪ್ಪು ಕಾಲದ ಕುದುರೆ ಸ್ಟಡ್ ಫಾರಂ ಬಂತು ಅಂದರೆ ಕಿಟಕಿಗೆ ಮುಖ ಅಂಟಿಸಿ ಕೂರ್ತಿದ್ದೆವು. ಎಂಥ ಜಾತಿ ಕುದುರೆಯಾದರೂ ಸರಿ, ಲಾಯದಲ್ಲೇ ಕಟ್ಟಿಹಾಕಿ ಹುಲ್ಲು ಹಾಕ್ತಾ ಇದ್ದರೆ ಕಾಲು ಹಿಡ್ಕೊಂಡುಬಿಡುತ್ತೆ ಅಂತ ಹಿರಿಯರು ಆಗ ಹೇಳೋರು. ಹಾರೋರ ಕೈಯೂ ಹಾಗೇ.

ಒಂದು ಸಮಾಧಾನ ಇದೆ. ರಿವ್ಯೂ ತಪ್ಪಿದರೂ ಎಫ್‌ಎಎ ಲೈಸೆನ್ಸು ರದ್ದಾಗಲ್ಲ, ರಿವ್ಯೂ ಮಾಡಿಸಿದ ದಿನ ಮತ್ತೆ ಎದ್ದು ಕೂರುತ್ತೆ. ಅಲ್ಲೇ ಇರುವಾಗ ಹೊಸ ರೇಟಿಂಗಿನ ಟೆಸ್ಟ್ ಪಾಸಾದರೆ ಅದೂ ರಿವ್ಯೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಮಲ್ಟಿ ಎಂಜಿನ್ ಟೆಸ್ಟನ್ನ ಕೊನೆಗಿಟ್ಟುಕೊಂಡು ಊರಿಗೆ ಹೊರಟರೆ, ಆ ತಿಂಗಳಿಂದ ಪೂರ್ತಿ 24 ತಿಂಗಳು ಕೈಯಲ್ಲಿರುತ್ತೆ. ಅಮೆರಿಕದಲ್ಲಿರೋ ನಮ್ಮವರಿಗೆ ಇದೇ ವಿಷಯ ಉಲ್ಟಾ. ಭಾರತದ ಲೈಸೆನ್ಸಿನ ಆಧಾರದ ಮೇಲೆ ಅಲ್ಲಿ ಪ್ರೈವೇಟ್ ಲೈಸೆನ್ಸ್ ತಗೊಂಡಿರೋರು, ಇಲ್ಲಿಯದು ಬಿದ್ದುಹೋದರೆ ಅಲ್ಲಿಯದನ್ನೂ ಬಳಸೋ ಹಾಗಿಲ್ಲ.

ಮನೇಲಿ ಇಂಥ ಮಗುವಿದ್ದರೆ ನಿಮಗೆ ನನ್ನದೊಂದು ಮಾತು. 'ಇನ್ನೂ ಯಾಕೆ ಮನೇಲಿದ್ದೀಯ' ಅಂತ ಕೇಳಬೇಡಿ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ರಿವ್ಯೂ, ಮೆಡಿಕಲ್, ವಿಳಾಸ ಮೂರರ ಗಡುವನ್ನೂ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ. ಕನ್ವರ್ಶನ್ ಖರ್ಚಿನ ಜೊತೆಗೆ ಒಂದಿಷ್ಟು ಗಂಟೆ ಹಾರಾಟದ ದುಡ್ಡನ್ನೂ ಎತ್ತಿಡಿ. ಎರಡನೇ ಲೈಸೆನ್ಸು ಕೈಗೆ ಬರೋ ತನಕ ಮೊದಲನೇದನ್ನ ಮಲಗೋಕೆ ಬಿಡಬೇಡಿ.